ತೋಳಿನ ಬಲ

ನಡೆಯಲಾರದ ಮಗುವನ್ನು ಹೆತ್ತವರು ದೂರದ ಆಶ್ರಯವೊಂದಕ್ಕೆ ಒಪ್ಪಿಸಿದರೆ, ‘ಒಂದು ಮಗು ಇವರಿಗೆ ಭಾರವಾಯಿತೇ?’ ಎಂದು ನೆರೆಹೊರೆಯವರು ಕೇಳುವುದುಂಟು. ಹನೂರು ತಾಲ್ಲೂಕಿನ ಕೌದಳ್ಳಿಯಾಗಲಿ, ರಾಜಧಾನಿಯಾದ ಬೆಂಗಳೂರಾಗಲಿ, ಈ ಮಾತು ತಪ್ಪಿದ್ದಲ್ಲ. ಕೇಳುವುದೇನೋ ಸುಲಭ. ಆದರೆ ಕೂಲಿಗೆ ಹೋಗುವ ತಾಯಿ ಬೆಳೆಯುವ ಮಗುವನ್ನು ಎಷ್ಟು ವರ್ಷ ಸೊಂಟದ ಮೇಲೆ ಹೊತ್ತು ಶಾಲೆಗೆ ಮುಟ್ಟಿಸಬಲ್ಲಳು?

ಮಾಲತಿ ಕೃಷ್ಣಮೂರ್ತಿ ಹೊಳ್ಳರ ಹೆತ್ತವರು ಅಗಲಿಕೆಯ ಈ ಕಠಿಣ ದಾರಿಯನ್ನೇ ಹಿಡಿದರು. ಮಾಲತಿ ಹುಟ್ಟಿದ್ದು 1958ರಲ್ಲಿ, ಬೆಂಗಳೂರಿನಲ್ಲಿ. ತಂದೆ ಸಣ್ಣ ಹೋಟೆಲೊಂದನ್ನು ನಡೆಸುತ್ತಿದ್ದರು. ಮಗು ಒಂದು ವರ್ಷದ ಕೂಸಾಗಿದ್ದಾಗ ತಗುಲಿದ ಪೋಲಿಯೋ ಜ್ವರ ಇಡೀ ದೇಹದ ಚಲನೆಯನ್ನು ಕಸಿದುಕೊಂಡಿತು. ಎರಡು ವರ್ಷಗಳಿಗೂ ಮೀರಿ ವಿದ್ಯುತ್ ಚಿಕಿತ್ಸೆ ನಡೆದ ಮೇಲೆ ಸೊಂಟದಿಂದ ಮೇಲಕ್ಕೆ ಬಲ ಮರಳಿತು, ಕಾಲುಗಳಿಗೆ ಮರಳಲಿಲ್ಲ. ಬಳಿಕ ಮದ್ರಾಸಿನ ಈಶ್ವರಿ ಪ್ರಸಾದ್ ದತ್ತಾತ್ರೇಯ ಮೂಳೆ ಚಿಕಿತ್ಸಾ ಕೇಂದ್ರವೇ ಹದಿನೈದು ವರ್ಷಗಳ ಕಾಲ ಆಕೆಯ ಮನೆಯಾಯಿತು.

ಅಂತಹ ಬದುಕಿಗೆ ಒಗ್ಗಿಕೊಳ್ಳುವುದು ಸುಲಭವೆಂದು ಬಗೆಯಬಾರದು. ಪೋಲಿಯೋ ವೈರಾಣು ನಾಶಮಾಡುವುದು ಮುಖ್ಯವಾಗಿ ಬೆನ್ನುಹುರಿಯಲ್ಲಿದ್ದು ಸ್ನಾಯುಗಳನ್ನು ಆಡಿಸುವ ನರಕೋಶಗಳನ್ನು. ಸ್ಪರ್ಶವನ್ನೂ ನೋವನ್ನೂ ಅರಿಯುವ ನರಗಳು ಹಾಗೆಯೇ ಉಳಿಯುತ್ತವೆ. ಅಲುಗಾಡದ ಕಾಲು ಶಸ್ತ್ರಚಿಕಿತ್ಸೆಯ ನೋವನ್ನು ಪೂರ್ಣವಾಗಿಯೇ ಉಣ್ಣುತ್ತದೆ. ಮಾಲತಿಯವರು ತಮ್ಮ ಜೀವನದಲ್ಲಿ ಒಳಗಾದ ಶಸ್ತ್ರಚಿಕಿತ್ಸೆಗಳು ಮೂವತ್ತಕ್ಕೂ ಹೆಚ್ಚು.

ಆದರೂ ಮನೆಯಲ್ಲಿ ದೊರೆಯದ ಒಂದು ಅನುಕೂಲ ಅಂತಹ ಕೇಂದ್ರದಲ್ಲಿರುತ್ತದೆ. ಸುತ್ತಲಿನ ಮಕ್ಕಳೆಲ್ಲರೂ ಒಂದಲ್ಲ ಒಂದು ಊನವುಳ್ಳವರೇ ಆದುದರಿಂದ ಯಾರೂ ಯಾರ ಕಾಲನ್ನೂ ಎವೆಯಿಕ್ಕದೆ ನೋಡುವುದಿಲ್ಲ. ಆರೈಕೆಯೆಂದರೆ ರೋಗಿಯ ಕೆಲಸವನ್ನೆಲ್ಲ ಬೇರೆಯವರು ಮಾಡಿಕೊಡುವುದೆಂದು ಹಲವರು ತಿಳಿದಿರುತ್ತಾರೆ. ಅದು ಪ್ರೀತಿಯಿಂದಲೇ ಆಗುವ ತಪ್ಪು. ಅದರಿಂದ ಮಗು ಹಾಸಿಗೆಗೇ ಅಂಟಿಕೊಳ್ಳುತ್ತದೆ. ಕಾಲಿನ ಕೆಲಸವನ್ನು ತೋಳಿಗೆ ಕಲಿಸುವುದು ನಿಜವಾದ ಆರೈಕೆ. ಮಂಚದಿಂದ ಕುರ್ಚಿಗೆ ತಾನಾಗಿ ಜರುಗುವುದು, ಊರುಗೋಲಿನ ಮೇಲೆ ಭಾರ ಹಾಕುವುದು, ಗಾಲಿಕುರ್ಚಿಯ ಚಕ್ರವನ್ನು ತಾನೇ ತಿರುಗಿಸುವುದು, ಇವು ತಿಂಗಳುಗಟ್ಟಲೆಯ ಪಾಠಗಳು. ಬಿದ್ದಾಗ ಎತ್ತಲು ಓಡಿಬರುವ ಕೈ ಕ್ಷಣಕಾಲ ತಡೆದು ನಿಲ್ಲಬೇಕಾಗುತ್ತದೆ.

ಮಾಲತಿಯವರ ತೋಳುಗಳು ಮುಂದೆ ಗುಂಡು, ಚಕ್ರ, ಈಟಿಗಳನ್ನು ಎಸೆದವು. ಗಾಲಿಕುರ್ಚಿಯ ಓಟದಲ್ಲಿಯೂ ಗೆಲುವು ತಂದವು. 1995ರಲ್ಲಿ ಅರ್ಜುನ ಪ್ರಶಸ್ತಿ, 2001ರಲ್ಲಿ ಪದ್ಮಶ್ರೀ ಅವರಿಗೆ ಸಂದವು. ಪದಕಗಳ ವಿಷಯವನ್ನು ಪತ್ರಿಕೆಗಳು ಸಾಕಷ್ಟು ಬರೆದಿವೆ. ಅವುಗಳಿಗಿಂತ ಹಿರಿದಾದ ಕೆಲಸ ಇನ್ನೊಂದಿದೆ. ಬ್ಯಾಂಕಿನ ಉದ್ಯೋಗದಲ್ಲಿದ್ದ ಅವರು ಗೆಳೆಯರೊಡಗೂಡಿ ಬೆಂಗಳೂರಿನಲ್ಲಿ ಮಾತೃ ಪ್ರತಿಷ್ಠಾನವನ್ನು ಕಟ್ಟಿದರು. ಹಳ್ಳಿಗಾಡಿನ ಬಡ ಕುಟುಂಬಗಳ ಅಂಗವಿಕಲ ಮಕ್ಕಳಿಗೆ ಅಲ್ಲಿ ವಸತಿ, ಚಿಕಿತ್ಸೆ, ವಿದ್ಯೆ ದೊರೆತವು. ಆ ಮಕ್ಕಳಲ್ಲಿ ಹಲವರು ಪೋಲಿಯೋದಿಂದಲೇ ಕಾಲಿನ ಬಲವನ್ನು ಕಳೆದುಕೊಂಡು ಬಂದವರು.