ಇನಿಶಿಯಲ್ ಬಿಡಿಸಿ ನೋಡೋಣ: ಆರ್ಟ್ ಜರ್ನಲ್‌ನ ಮೊದಲ ಪುಟ

ಆರ್ಟ್ ಜರ್ನಲ್ ಅಂದ್ರೆ ಡೈರಿ ಮತ್ತು ಚಿತ್ರದ ಪುಸ್ತಕ ಎರಡೂ ಸೇರಿದ ಒಂದು ನೋಟ್‌ಬುಕ್. ಅದರಲ್ಲಿ ಬರೆಯಬಹುದು, ಗೀಚಬಹುದು, ಬಸ್ ಟಿಕೆಟ್ ಅಂಟಿಸಬಹುದು, ಬಣ್ಣ ಚೆಲ್ಲಬಹುದು. ಇದಕ್ಕೆ ಇಂಟರ್ನಲ್ಸ್ ಇಲ್ಲ, ವೈವಾ ಇಲ್ಲ. ನಮ್ಮ ಸಂಘದ ಎರಡನೇ ವರ್ಷದವರು ಒಂದಿಷ್ಟು ಜನ ಈ ಸೆಮಿಸ್ಟರ್‌ನಲ್ಲಿ ಇದನ್ನ ಶುರು ಮಾಡಿದ್ವಿ. ನಾವು ಕಲಿತದ್ದನ್ನ ಒಂದು ಪಾಠದ ಹಾಗೆ ಇಲ್ಲಿ ಬರೀತಾ ಇದ್ದೀವಿ. ಚಿತ್ರ ಬರೆಯೋಕೆ ಬರಲ್ಲ ಅನ್ನೋರಿಗೇ ಈ ಪಾಠ.

ಜರ್ನಲ್ ಶುರು ಮಾಡೋರಿಗೆ ಎಲ್ಲರೂ ಕೊಡೋ ಸಲಹೆ ಒಂದೇ: ಮೊದಲ ಪುಟ ನಿಮ್ಮ ಬಗ್ಗೆ ಇರಲಿ. ಕೇಳೋಕೆ ಸುಲಭ. ಆದರೆ ನಮ್ಮಂಥ ಇಂಗ್ಲಿಷ್ ಮೀಡಿಯಂನವರಿಗೆ 'ನನ್ನ ಬಗ್ಗೆ' ಅಂದ ಕೂಡಲೇ ಎರಡೇ ಅಚ್ಚು ನೆನಪಾಗುತ್ತವೆ. ಒಂದು, ಶಾಲೆಯಲ್ಲಿ ಬಾಯಿಪಾಠ ಮಾಡಿದ ಹತ್ತು ಸಾಲು: ನನ್ನ ಹೆಸರು ಇದು, ನನ್ನ ಮೆಚ್ಚಿನ ಬಣ್ಣ ಅದು. ಇನ್ನೊಂದು, ರೆಸ್ಯೂಮ್: ಸಿಜಿಪಿಎ, ಸ್ಕಿಲ್ಸ್, ಹಾಬೀಸ್. ಮೊದಲನೆಯದರಲ್ಲಿ ಕ್ಲಾಸಿನ ನಲವತ್ತು ಮಕ್ಕಳೂ ಒಂದೇ ಥರ ಕಾಣ್ತಾರೆ. ಎರಡನೆಯದು ಕಂಪನಿಗೆ ಬೇಕಾದ ನಾವು. ಮನೆಯಲ್ಲಿ ಅಜ್ಜಿ ಹತ್ತಿರ ಮಾತಾಡೋ ನಾವು ಎರಡರಲ್ಲೂ ಇಲ್ಲ.

ಹಾಗಾಗಿ ನಮ್ಮ ಸಲಹೆ ಇಷ್ಟೇ. ಮುಖದ ಚಿತ್ರ ಬೇಡ, ಇಷ್ಟಗಳ ಪಟ್ಟಿ ಬೇಡ. ನಿಮ್ಮ ಹೆಸರಿನ ಮುಂದೆ ಇರೋ ಇನಿಶಿಯಲ್ ತಗೊಳ್ಳಿ. ಅದನ್ನ ಬಿಡಿಸಿ ಬರೆಯಿರಿ.

ಒಂದು ಅಕ್ಷರದಲ್ಲಿ ಏನಿದೆ?

ನಮ್ಮ ಹಳೇ ಮೈಸೂರು ಕಡೆ ಇನಿಶಿಯಲ್ ಅಂದ್ರೆ ಸಾಮಾನ್ಯವಾಗಿ ಊರು ಮತ್ತು ಅಪ್ಪ. ಕುವೆಂಪು ಅಂದ್ರೆ ಕುಪ್ಪಳಿ ವೆಂಕಟಪ್ಪ ಪುಟ್ಟಪ್ಪ. ಮಂಡ್ಯ ಜಿಲ್ಲೆಯವರೇ ಆದ ಕೆ.ಎಸ್. ನರಸಿಂಹಸ್ವಾಮಿ ಅವರ 'ಕೆ' ಅಂದ್ರೆ ಕಿಕ್ಕೇರಿ. ನಾವು ಪ್ರತಿ ಸೆಪ್ಟೆಂಬರ್ 15ಕ್ಕೆ ಹಾರ ಹಾಕೋ ಸರ್ ಎಂ. ವಿಶ್ವೇಶ್ವರಯ್ಯನವರ 'ಎಂ' ಅಂದ್ರೆ ಮೋಕ್ಷಗುಂಡಂ. ಅವರು ಹುಟ್ಟಿದ್ದು ಚಿಕ್ಕಬಳ್ಳಾಪುರದ ಹತ್ತಿರದ ಮುದ್ದೇನಹಳ್ಳಿಯಲ್ಲಿ. ಮೋಕ್ಷಗುಂಡಂ ಇರೋದು ಆಂಧ್ರದಲ್ಲಿ, ಅವರ ಪೂರ್ವಜರ ಊರು. ಅಂದ್ರೆ ಒಂದೇ ಒಂದು ಅಕ್ಷರದಲ್ಲಿ ಒಂದು ವಲಸೆಯ ಕಥೆ ಮಡಚಿ ಇಟ್ಟಿದೆ.

ಈಗ ಆನ್‌ಲೈನ್ ಫಾರ್ಮ್‌ಗಳು 'ಲಾಸ್ಟ್ ನೇಮ್' ಕೇಳುತ್ತವೆ. ನಾವು ಇನಿಶಿಯಲ್ಲನ್ನೇ ಅಲ್ಲಿಗೆ ತುರುಕಿ ಮುಂದೆ ಹೋಗ್ತೀವಿ. ಕೇಳಿದ್ರೆ ನಮ್ಮಲ್ಲಿ ಅರ್ಧ ಜನಕ್ಕೆ ಆ ಅಕ್ಷರ ಯಾವ ಊರು ಅಂತ ಗೊತ್ತು, ಆದರೆ ಅಲ್ಲಿ ಯಾರಿದ್ದರು, ಯಾಕೆ ಬಿಟ್ಟು ಬಂದರು ಅಂತ ಗೊತ್ತಿಲ್ಲ. ಹೇಳೋಕೆ ಗೊತ್ತಿರೋರು ಮನೆಯಲ್ಲಿ ಒಬ್ಬರೋ ಇಬ್ಬರೋ ಉಳಿದಿದ್ದಾರೆ.

ಕೆಲಸದ ಮೇಲೆ ತನ್ನ ಗುರುತು ಹಾಕೋದು ನಮ್ಮಲ್ಲಿ ಹೊಸದೇನಲ್ಲ. ಬೇಲೂರಿನ ಮದನಿಕೆಯರ ಕೆಳಗೆ ಬಳ್ಳಿಗಾವಿಯ ದಾಸೋಜ ಮತ್ತು ಅವನ ಮಗ ಚಾವಣನ ಹೆಸರುಗಳಿವೆ. ಊರು, ಅಪ್ಪ, ಹೆಸರು, ಅದೇ ನಮ್ಮ ಇನಿಶಿಯಲ್ ಲೆಕ್ಕ. 1258ರ ಸೋಮನಾಥಪುರ ದೇವಸ್ಥಾನದಲ್ಲಿ ಮಲ್ಲಿತಮ್ಮ ಅನ್ನೋ ಶಿಲ್ಪಿ ತುಂಬಾ ವಿಗ್ರಹಗಳಿಗೆ ಸಹಿ ಹಾಕಿದ್ದಾನೆ. ಕೆಲವು ಕಡೆ ಪೂರ್ತಿ ಹೆಸರೂ ಇಲ್ಲ, ಬರೀ 'ಮ'. ಇಷ್ಟು ವರ್ಷ ಆದ ಮೇಲೂ ಆ ಒಂದು ಅಕ್ಷರ ಸಾಕಾಗಿದೆ.

ಇನಿಶಿಯಲ್‌ನಲ್ಲಿ ಇಲ್ಲದ ಊರು: ಬೆಳಕವಾಡಿ

ನಮ್ಮ ಗುಂಪಿನ ಒಬ್ಬಳು ಈ ಪಾಠದಲ್ಲೇ ಒಂದು ತೊಡಕು ಎತ್ತಿದಳು. ಅವಳ ಇನಿಶಿಯಲ್‌ನಲ್ಲಿ ಅಪ್ಪನ ಊರಿದೆ, ಅಪ್ಪನ ಹೆಸರಿದೆ. ಆದರೆ ಅವಳು ಎಲ್ಲಾ ಬೇಸಿಗೆ ರಜೆ ಕಳೆದದ್ದು ಅಮ್ಮನ ತವರಿನಲ್ಲಿ, ಮಳವಳ್ಳಿ ತಾಲೂಕಿನ ಬೆಳಕವಾಡಿಯಲ್ಲಿ. ಆ ಊರು ಅವಳ ಹೆಸರಿನಲ್ಲಿ ಎಲ್ಲೂ ಇಲ್ಲ. ಅಮ್ಮನೂ ಇಲ್ಲ.

ಪಂಪನ ವಿಷಯದಲ್ಲೂ ಹೀಗೇ ಆಗಿದೆ ನೋಡಿ. 941ರ ತನ್ನ ಕಾವ್ಯದಲ್ಲಿ ಅವನು ತಂದೆ, ಹಿರಿಯರ ಬಗ್ಗೆ ಹೇಳಿಕೊಂಡಿದ್ದಾನೆ. ಅವನ ತಾಯಿ ಅಬ್ಬಣಬ್ಬೆ, ಅಣ್ಣಿಗೇರಿಯ ಜೋಯಿಸ ಸಿಂಘನ ಮೊಮ್ಮಗಳು ಅನ್ನೋದು ನಮಗೆ ಗೊತ್ತಾಗೋದು ತಮ್ಮ ಜಿನವಲ್ಲಭ ಬರೆಸಿದ ಗಂಗಾಧರಂ ಶಾಸನದಿಂದ. ತಮ್ಮ ಬರೆಸದೇ ಇದ್ದಿದ್ರೆ ಆದಿಕವಿಯ ಅಮ್ಮನ ಹೆಸರು ಮತ್ತು ಊರು ಎರಡೂ ಹೋಗಿಬಿಡ್ತಿದ್ದವು.

ಅದಕ್ಕೇ ಅವಳು ಫಾರ್ಮ್‌ನಲ್ಲಿ ಇಲ್ಲದ ಒಂದು ಇನಿಶಿಯಲ್ಲನ್ನ ಮೊದಲ ಪುಟಕ್ಕೆ ಆರಿಸಿಕೊಂಡಳು: 'ಬೆ'. ಆ ಪುಟ ಹೇಗೆ ತಯಾರಾಯ್ತು ಅನ್ನೋದನ್ನೇ ಉದಾಹರಣೆಯಾಗಿ ಇಟ್ಟುಕೊಂಡು ಹಂತಗಳನ್ನ ಹೇಳ್ತೀವಿ.

ಹಂತ 1: ಪುಸ್ತಕ

ದುಬಾರಿ ಸ್ಕೆಚ್‌ಬುಕ್ ಬೇಡ. ಮೊದಲ ವರ್ಷದ ಡ್ರಾಯಿಂಗ್ ಕ್ಲಾಸಿನಲ್ಲಿ ಉಳಿದ ಎ2 ಶೀಟ್ ಒಂದಿದ್ದರೆ ಸಾಕು. ಅದನ್ನ ನಾಲ್ಕು ಎ4 ಆಗಿ ಕತ್ತರಿಸಿ. ಒಂದೊಂದನ್ನೂ ಮಧ್ಯಕ್ಕೆ ಮಡಚಿ, ಒಂದರೊಳಗೆ ಒಂದು ಸೇರಿಸಿ. ಎ5 ಅಳತೆಯ 16 ಪುಟದ ಪುಸ್ತಕ ರೆಡಿ. ಮಡಿಕೆಯ ಮೇಲೆ ಮೂರು ತೂತು ಮಾಡಿ. ದಾರ ಒಳಗಿನಿಂದ ನಡುವಿನ ತೂತಲ್ಲಿ ಹೊರಗೆ ಹೋಗಲಿ, ಮೇಲಿನ ತೂತಲ್ಲಿ ಒಳಗೆ ಬರಲಿ, ಕೆಳಗಿನ ತೂತಲ್ಲಿ ಮತ್ತೆ ಹೊರಗೆ, ಕೊನೆಗೆ ನಡುವಿನಲ್ಲೇ ಒಳಗೆ. ಎರಡು ತುದಿಯನ್ನ ಒಳಗಿನ ಉದ್ದ ದಾರದ ಆಚೆ ಈಚೆ ಇಟ್ಟು ಗಂಟು ಹಾಕಿ. ಡ್ರಾಯಿಂಗ್ ಶೀಟ್ ದಪ್ಪ ಇರೋದ್ರಿಂದ ತೆಳು ಬಣ್ಣ ತಡ್ಕೊಳ್ಳುತ್ತೆ.

ಬೇರೆ ಥರ ಬೇಕಿದ್ರೆ ಕಡತ ನೋಡಿ. ನಮ್ಮ ಹಳೇ ಕಾಲದ ಲೆಕ್ಕದ ಪುಸ್ತಕ ಅದು. ಬಟ್ಟೆಗೆ ಹುಣಸೆಬೀಜದ ಅಂಟು ಮತ್ತು ಇದ್ದಿಲ ಪುಡಿ ಬಳಿದು ಒಣಗಿಸಿ, ಜಿಗ್‌ಜ್ಯಾಗ್ ಮಡಚಿ, ಕಪ್ಪು ಮೇಲೆ ಬಳಪದಲ್ಲಿ ಬರೀತಿದ್ರು. ಶೃಂಗೇರಿ ಮಠದಲ್ಲಿ ಇಂಥ ಕಡತಗಳು ಈಗಲೂ ಇವೆ. ಕಪ್ಪು ಚಾರ್ಟ್ ಪೇಪರ್ ಮಡಚಿ, ಬಿಳಿ ಪೆನ್ಸಿಲ್ ತಗೊಂಡರೆ ನಿಮ್ಮದೂ ಒಂದು ಕಡತ.

ಹಂತ 2: ಅಕ್ಷರ

ಪುಟ ತುಂಬೋ ಹಾಗೆ ನಿಮ್ಮ ಅಕ್ಷರವನ್ನ ದಪ್ಪವಾಗಿ ಬರೆಯಿರಿ, ಅದೂ ಕನ್ನಡದಲ್ಲಿ. ಒಂದು ಗೆರೆ ಸಾಲದು. ಎರಡು ಗೆರೆ ಎಳೆದು ನಡುವೆ ಜಾಗ ಬಿಡಿ, ರಸ್ತೆ ಥರ. ಕನ್ನಡ ಅಕ್ಷರಗಳು ಇದಕ್ಕೆ ಹೇಳಿ ಮಾಡಿಸಿದ ಹಾಗಿವೆ. ಎಲ್ಲಾ ದುಂಡಗೆ, ಹೊಟ್ಟೆ ಇರೋವು. ಇಂಗ್ಲಿಷ್‌ನ 'ಬಿ'ಯಲ್ಲಿ ಬಳ್ಳಾರಿ, ಬೀದರ್, ಬೆಳಕವಾಡಿ ಎಲ್ಲಾ ಒಂದೇ. ಕನ್ನಡದಲ್ಲಿ ಬ, ಬೀ, ಬೆ ಬೇರೆ ಬೇರೆ.

ಹಂತ 3: ಒಳಗೆ ಕಂಡದ್ದು, ಹೊರಗೆ ಕೇಳಿದ್ದು

ಇದು ನಾವೇ ಮಾಡ್ಕೊಂಡ ನಿಯಮ. ಅಕ್ಷರದ ಒಳಗೆ ನೀವು ಕಣ್ಣಾರೆ ನೋಡಿದ್ದು ಮಾತ್ರ ಬರಬೇಕು. ಅಕ್ಷರದ ಹೊರಗೆ, ಬೇರೆಯವರಿಂದ ಕೇಳಿದ್ದು.

'ಬೆ' ಒಳಗೆ ಅವಳು ಬರೆದದ್ದು: ಭತ್ತದ ಗದ್ದೆಯ ಬದು, ಕಬ್ಬಿನ ಲಾರಿಯ ಹಿಂಭಾಗ, ಅಜ್ಜಿಯ ಎಲೆಅಡಿಕೆ ಚೀಲ, ಶಿವನಸಮುದ್ರಕ್ಕೆ ಹೋದಾಗ ಕಂಡ ಗಗನಚುಕ್ಕಿ. ಗಗನಚುಕ್ಕಿ ಬರೀ ಹತ್ತು ನೀಲಿ ಗೀರು. ಲಾರಿ ಡಬ್ಬಿ ಥರ ಇದೆ. ಆದರೂ ಗೊತ್ತಾಗುತ್ತೆ.

ಹೊರಗಿನದಕ್ಕೆ ಫೋನ್ ಮಾಡಲೇಬೇಕು. ಅವಳು ಅಜ್ಜಿಗೆ ಫೋನ್ ಮಾಡಿ ಕೇಳಿದ ಪ್ರಶ್ನೆ ಸಣ್ಣದು: "ನೀನು ಮದ್ವೆ ಆಗಿ ಬಂದಾಗ ಊರು ಹೆಂಗಿತ್ತು?" ಅಜ್ಜಿ ಹೇಳಿದ್ದು: "ಹೆಂಗಿತ್ತು ಅಂದ್ರೆ ಕತ್ಲೆ ಕಣವ್ವ. ಈ ಮನೇಲಿ ಸೀಮೆಎಣ್ಣೆ ಬುಡ್ಡಿನೇ ಇದ್ದಿದ್ದು."

ಇದು ಎಂಜಿನಿಯರಿಂಗ್ ಮಕ್ಕಳನ್ನ ಸುಮ್ಮನೆ ಬಿಡೋ ಮಾತಲ್ಲ. ಬೆಳಕವಾಡಿಯ ಪಕ್ಕದಲ್ಲೇ ಇರೋ ಶಿವನಸಮುದ್ರದಿಂದ 1902ರಲ್ಲಿ ಕೋಲಾರದ ಚಿನ್ನದ ಗಣಿಗೆ ಕರೆಂಟ್ ಹೋಯ್ತು, ಸುಮಾರು 147 ಕಿ.ಮೀ. ತಂತಿಯಲ್ಲಿ. 1905ರಲ್ಲಿ ಅದೇ ಕರೆಂಟ್‌ನಿಂದ ಬೆಂಗಳೂರಿನ ಬೀದಿದೀಪ ಹತ್ತಿದವು. ಇದನ್ನ ನಾವು ಕ್ವಿಜ್‌ಗಾಗಿ ಓದಿದ್ವಿ. ಕರೆಂಟ್ ಹುಟ್ಟೋ ಜಾಗದ ಪಕ್ಕದ ಊರಲ್ಲಿ, ಹೆಸರಲ್ಲೇ ಬೆಳಕು ಇರೋ ಊರಲ್ಲಿ, ಎಷ್ಟೋ ವರ್ಷ ಆದ ಮೇಲೂ ಒಂದು ಮನೆ ಬುಡ್ಡಿ ದೀಪದಲ್ಲೇ ಇತ್ತು ಅನ್ನೋದು ಕ್ವಿಜ್‌ನಲ್ಲಿ ಬರಲ್ಲ. ಅಜ್ಜಿಗೆ ಫೋನ್ ಮಾಡಿದ್ರೆ ಮಾತ್ರ ಬರುತ್ತೆ.

ಅವಳು ಅದನ್ನ ಹೀಗೆ ಬರೆದಳು. 1 ಸೆಂ.ಮೀ.ಗೆ 10 ಕಿ.ಮೀ. ಸ್ಕೇಲ್ ಇಟ್ಟರೆ 147 ಕಿ.ಮೀ. ಅಂದ್ರೆ 14.7 ಸೆಂ.ಮೀ. ಎ5 ಪುಟದ ಅಗಲ 14.8 ಸೆಂ.ಮೀ. ಅಂದ್ರೆ ತಂತಿ ಪುಟದ ಈ ಅಂಚಿನಿಂದ ಆ ಅಂಚಿಗೆ ಸರಿಯಾಗಿ ಮುಟ್ಟುತ್ತೆ. 'ಬೆ' ಮೇಲೆ ಆ ಒಂದು ಗೆರೆ, ಅಕ್ಷರವನ್ನ ಎಲ್ಲೂ ಮುಟ್ಟದೆ. ಕೆಳಗೆ, ಅಕ್ಷರದ ಹೊರಗೆ, ಒಂದು ಸಣ್ಣ ಬುಡ್ಡಿ. ಪುಟದಲ್ಲಿ ಹಳದಿ ಬಣ್ಣ ಇರೋದು ಆ ಬುಡ್ಡಿಗೆ ಮಾತ್ರ.

ಅವಳ ಮುಖ ಪುಟದಲ್ಲಿ ಎಲ್ಲೂ ಇಲ್ಲ. ಆದರೂ ಇದು ಅವಳ ಪುಟ ಅಂತ ನಮಗೆಲ್ಲ ಅನ್ನಿಸ್ತು. ಆ ಫೋನ್ ಮಾಡಿದ್ದು ಅವಳೇ ತಾನೆ.

ಹಂತ 4: ಐದು ಸಾಲು

ಚಿತ್ರದ ಪಕ್ಕದ ಪುಟದಲ್ಲಿ ಐದು ಸಾಲು ಬರೆಯಿರಿ. 'ನನಗೆ ಇಷ್ಟ' ಅನ್ನೋ ಮಾತು ಬರಬಾರದು. ಭಾಷೆ ಮನೆಯಲ್ಲಿ ಆಡೋ ಹಾಗೇ ಇರಲಿ. ಮಂಡ್ಯದವರು 'ಬತ್ತೀನಿ', 'ಓಯ್ತೀನಿ' ಅಂತಾನೇ ಬರೀರಿ, ಧಾರವಾಡದವರು ನಿಮ್ಮ ಹಾಗೆ, ಕುಂದಾಪುರದವರು ನಿಮ್ಮ ಹಾಗೆ. ಕಾಗುಣಿತ ತಪ್ಪಿದ್ರೆ ಒತ್ತು ಕೊಟ್ಟು ಮುಂದೆ ಹೋಗಿ. ಕನ್ನಡದಲ್ಲಿ ಪರೀಕ್ಷೆಗೆ ಬಿಟ್ಟು ಬೇರೆ ಯಾವುದಕ್ಕೂ ಬರೆಯದ ಕೈಗೆ ಐದು ಸಾಲೂ ದೊಡ್ಡದೇ.

ಕೆಲವು ಪ್ರಶ್ನೆಗಳು

ನಮ್ಮ ಇನಿಶಿಯಲ್‌ನಲ್ಲಿ ಊರಿಲ್ಲ, ಬರೀ ಅಪ್ಪನ ಹೆಸರು? ಅಮ್ಮನ ಹೆಸರಿನ ಅಕ್ಷರ ಪಕ್ಕದಲ್ಲಿ ಸೇರಿಸಿ, ಅಲ್ಲಿಂದ ಶುರು ಮಾಡಿ.

ನಾವು ಉತ್ತರ ಕರ್ನಾಟಕದವರು, ನಮಗೆ ಅಡ್ಡಹೆಸರು? ಇನ್ನೂ ಒಳ್ಳೇದು. ಗೋಕಾಕ ಅಂದ್ರೆ ಊರು, ಕುಲಕರ್ಣಿ ಅಂದ್ರೆ ಒಂದು ಕಾಲದ ಕೆಲಸ. ಅಡ್ಡಹೆಸರಿನ ಮೊದಲ ಅಕ್ಷರ ಬಿಡಿಸಿ.

ಊರಿನ ನೆನಪು ಸಿಹಿ ಅಲ್ಲದಿದ್ರೆ? ಇದು ನಮ್ಮಲ್ಲೇ ಒಬ್ಬರು ಕೇಳಿದ ಪ್ರಶ್ನೆ. ಎಲ್ಲರ ತಾತನೂ ಊರನ್ನ ಖುಷಿಯಿಂದ ಬಿಟ್ಟಿಲ್ಲ. ಕೆಲವರನ್ನ ಬಾವಿಯಿಂದ, ಬೀದಿಯಿಂದ ದೂರ ಇಟ್ಟಿದ್ದಕ್ಕೇ ಬಿಟ್ಟು ಬಂದರು. ಅಂಥವರು ಅಕ್ಷರದ ಒಳಗನ್ನ ಖಾಲಿ ಬಿಡಬಹುದು, ಕಪ್ಪು ತುಂಬಬಹುದು, ಅಥವಾ ಈಗ ಇರೋ ಏರಿಯಾದ ಅಕ್ಷರ ತಗೋಬಹುದು. ಜರ್ನಲ್ ನಿಮ್ಮದು. ಯಾರಿಗೂ ತೋರಿಸಲೇಬೇಕು ಅಂತ ಇಲ್ಲ. ನಮ್ಮ ಗುಂಪಿನಲ್ಲೂ ಇಬ್ಬರ ಪುಟ ನಾವು ನೋಡಿಲ್ಲ, ಕೇಳಿಯೂ ಇಲ್ಲ.

ಹಂತ 5: ತಾರೀಖು, ಸಹಿ

ಕೆಳಗೆ ತಾರೀಖು ಹಾಕಿ. ಮಲ್ಲಿತಮ್ಮನ ಹಾಗೆ ಒಂದೇ ಅಕ್ಷರದ ಸಹಿ ಹಾಕಿ. ಹೊರಗಿನ ಜಾಗ ಪೂರ್ತಿ ತುಂಬಬೇಡಿ, ಸ್ವಲ್ಪ ಬಿಟ್ಟಿರಿ. ಮುಂದಿನ ಸಲ ಊರಿಗೆ ಹೋದಾಗ ಇನ್ನೊಂದು ಮಾತು ಕೇಳಿಸ್ಕೊಂಡು ಬಂದು ಬರೆಯೋಕೆ ಅದು ಬೇಕಾಗುತ್ತೆ.

ಪೆನ್ಸಿಲ್ ಆಮೇಲೆ ಕೆತ್ತಿಕೊಳ್ಳಿ. ಸಂಜೆ ಏಳೂವರೆಗೆ ಊರಲ್ಲಿ ಊಟ ಶುರುವಾಗೋ ಮುಂಚೆ ಒಂದು ಫೋನ್ ಮಾಡಿ.