ನಾತಾಳಕ್ಕೆ ಕಾರವಾರದ ನಡುಗಡ್ಡೆ: ಹೊರಡುವ ಮುನ್ನ

ಕ್ರಿಸ್‌ಮಸ್‌ಗೆ ಊರಿಗೆ ಹೋಗಲಾಗದವರು ಗೋವಾದ ಬಸ್ಸು ಹತ್ತುವುದು ವಾಡಿಕೆ. ಅಲ್ಲಿನ ನೂಕುನುಗ್ಗಲು ಬೇಡವೆಂದರೆ ಗಡಿಯ ಈಚೆಗೇ ಇಳಿದುಬಿಡಿ. ಕಾರವಾರದ ಎದುರು ಕಡಲಲ್ಲಿ ನಡುಗಡ್ಡೆಗಳಿವೆ, ದಡದಲ್ಲಿ ನಾತಾಳ ಆಚರಿಸುವ ಮನೆಗಳೂ ಇವೆ. ಆದರೆ ಒಂದು ಮಾತು: ಹಬ್ಬದ ರಾತ್ರಿಯನ್ನು ದಡದಲ್ಲೇ ಕಳೆಯಿರಿ, ನಡುಗಡ್ಡೆಗೆ ಹಗಲು ಹೋಗಿ.

ಮೊದಲು ಟಿಕೆಟ್

ರೈಲಿನ ಮುಂಗಡ ಬುಕಿಂಗ್ ಈಗ 60 ದಿನ ಮೊದಲು ತೆರೆಯುತ್ತದೆ. ಅಂದರೆ ಡಿಸೆಂಬರ್ 23ರ ರಾತ್ರಿ ಹೊರಡುವವರು ಅಕ್ಟೋಬರ್ 24ರಂದೇ ಎಚ್ಚರವಾಗಿರಬೇಕು. ಬೆಂಗಳೂರಿನಿಂದ ಪಂಚಗಂಗಾ ಎಕ್ಸ್‌ಪ್ರೆಸ್ ರಾತ್ರಿಯ ಪ್ರಯಾಣಕ್ಕೆ ಸರಿ. ಕಾರವಾರ ನಿಲ್ದಾಣ ಇರುವುದು ಶಿರವಾಡದಲ್ಲಿ, ಪೇಟೆಯಿಂದ ಸಾಕಷ್ಟು ದೂರ. ರಿಕ್ಷಾ ಬಾಡಿಗೆ ಮೊದಲೇ ಮಾತಾಡಿಕೊಳ್ಳಿ.

ಯಾವ ನಡುಗಡ್ಡೆ?

ಎಲ್ಲರೂ ಕೇಳುವುದು ಅಂಜುದ್ವೀಪವನ್ನೇ. ವಾಸ್ಕೋ ಡ ಗಾಮ 1498ರಲ್ಲಿ ಹಡಗು ನಿಲ್ಲಿಸಿದ ಜಾಗ ಅದು. ಪೋರ್ಚುಗೀಸರ ಕಾಲದ, ಒರತೆಗಳ ಮಾತೆಗೆ ಮುಡಿಪಾದ ಇಗರ್ಜಿ ಅಲ್ಲಿದೆ. ಕಾರವಾರದ ಕಣ್ಣಳತೆಯಲ್ಲಿದ್ದರೂ ಆಡಳಿತಕ್ಕೆ ಗೋವಾದ್ದು. 1961ರ ಡಿಸೆಂಬರ್ 18ರಂದು, ನಾತಾಳಕ್ಕೆ ವಾರ ಬಾಕಿ ಇರುವಾಗ, ಅದನ್ನು ಪೋರ್ಚುಗೀಸರಿಂದ ಬಿಡಿಸಲು ‘ಮೈಸೂರು’ ಮತ್ತು ‘ತ್ರಿಶೂಲ್’ ಯುದ್ಧನೌಕೆಗಳಿಂದ ನಾವಿಕರು ಇಳಿದಿದ್ದರು. ಏಳು ಮಂದಿ ಪ್ರಾಣ ಕೊಟ್ಟರು. ಈಗ ಅದು ಸೀಬರ್ಡ್ ನೌಕಾನೆಲೆಯ ಭಾಗ, ಜನಸಾಮಾನ್ಯರಿಗೆ ಪ್ರವೇಶವಿಲ್ಲ. ಫೆಬ್ರವರಿ 2ರ ಹಬ್ಬಕ್ಕೆ ದೋಣಿಯಲ್ಲಿ ಹೋಗುತ್ತಿದ್ದ ದಡದ ಕ್ರೈಸ್ತರಿಗೂ ಆ ದಾರಿ ಮುಚ್ಚಿತು. ಹಾಗಾಗಿ ‘ಗುಟ್ಟಾಗಿ ತೋರಿಸಿಕೊಂಡು ಬರುತ್ತೇನೆ’ ಎನ್ನುವ ಬೋಟಿನವರನ್ನು ನಂಬಬೇಡಿ. ಸಿಕ್ಕಿಬಿದ್ದರೆ ಹಬ್ಬ ಠಾಣೆಯಲ್ಲಿ.

ಉಳಿದದ್ದು ಕುರುಮಗಡ ಮತ್ತು ದೇವಬಾಗ. ಆಮೆಯ ಆಕಾರದ ಕುರುಮಗಡದಲ್ಲಿ ನರಸಿಂಹ ದೇವಸ್ಥಾನವಿದೆ. ಅದರ ಜಾತ್ರೆ ಪುಷ್ಯ ಹುಣ್ಣಿಮೆಗೆ. ದೇವಬಾಗ ನಿಜಕ್ಕೂ ನಡುಗಡ್ಡೆಯಲ್ಲ, ಕಾಳಿ ನದಿಯ ಅಳಿವೆಯ ಆಚೆ ದಡ. ಆದರೂ ಕೋಡಿಬಾಗದಿಂದ ದೋಣಿ ಹತ್ತಿ ಗಾಳಿಮರಗಳ ತೋಪಿನಲ್ಲಿ ಇಳಿದರೆ ನಡುಗಡ್ಡೆಯಲ್ಲ ಎಂದು ಯಾರೂ ತಕರಾರು ಮಾಡುವುದಿಲ್ಲ. ಸರ್ಕಾರಿ ಸ್ವಾಮ್ಯದ ಜಂಗಲ್ ಲಾಡ್ಜಸ್‌ನ ರೆಸಾರ್ಟ್ ಅಲ್ಲಿದೆ. ಮಕ್ಕಳು, ವಯಸ್ಸಾದವರು ಜೊತೆಗಿದ್ದರೆ ಅದೇ ವಾಸಿ.

24ರ ರಾತ್ರಿ

ಕಾರವಾರ ಧರ್ಮಪ್ರಾಂತ್ಯ 1976ರಲ್ಲಿ ಬೆಳಗಾವಿಯಿಂದ ಬೇರೆಯಾಯಿತು. ಅದರ ಕೆಥೆಡ್ರಲ್ ಪೇಟೆಯಲ್ಲೇ ಇದೆ. ರಾತ್ರಿಯ ಬಲಿಪೂಜೆ ಎಷ್ಟು ಹೊತ್ತಿಗೆ, ಯಾವ ಭಾಷೆಯಲ್ಲಿ ಎಂದು ಹಗಲೇ ಹೋಗಿ ವಿಚಾರಿಸಿ. ಹೆಚ್ಚಾಗಿ ಕೊಂಕಣಿ ಕೇಳಿಸುತ್ತದೆ. ಕ್ರೈಸ್ತರಲ್ಲದವರು ಹಿಂದಿನ ಸಾಲಿನಲ್ಲಿ ಕೂರಬಹುದು, ಪರಮಪ್ರಸಾದಕ್ಕೆ ಮಾತ್ರ ಎದ್ದು ಹೋಗಬಾರದು. ಯಾರಾದರೂ ಮನೆಗೆ ಕರೆದರೆ ಬರಿಗೈಲಿ ಹೋಗಬೇಡಿ. ನೆವ್ರಿ, ದೊದೋಲ್, ಕುಲ್‌ಕುಲ್‌ನಂಥ ಹಬ್ಬದ ತಿಂಡಿಗಳು ತಟ್ಟೆ ತುಂಬಾ ಬರುತ್ತವೆ. ಒಂದಿಷ್ಟು ತಿಂದೇ ಏಳಬೇಕು.

25ರ ಬೆಳಿಗ್ಗೆ

ಡಿಸೆಂಬರಿನಲ್ಲಿ ಮುಂಜಾನೆ ನೆಲದ ಕಡೆಯಿಂದ ಗಾಳಿ, ಕಡಲು ಸಮಾಧಾನ. ಮಧ್ಯಾಹ್ನ ತಿರುಗಿತೆಂದರೆ ಕಡಲಗಾಳಿ ಎದ್ದು ಸಣ್ಣ ಬೋಟು ಕುಣಿಯುತ್ತದೆ. ಆದ್ದರಿಂದ ಬೇಗ ಹೋಗಿ, ಗಾಳಿ ಏಳುವ ಮೊದಲೇ ದಡ ಸೇರಿ. ಭರತ–ಇಳಿತದ ಹೊತ್ತು ಬೋಟಿನವರಿಗೇ ಚೆನ್ನಾಗಿ ಗೊತ್ತು. ಹುಣ್ಣಿಮೆ, ಅಮಾವಾಸ್ಯೆಯ ಆಸುಪಾಸಿನಲ್ಲಿ ನೀರು ಬಹಳ ಏರುತ್ತದೆ, ಬಹಳ ಇಳಿಯುತ್ತದೆ. ಅಳಿವೆಯ ಮರಳುದಿಬ್ಬಕ್ಕೆ ದೋಣಿ ತಗಲುವುದೂ ಆಗಲೇ. ಹಬ್ಬದ ದಿನ ಬೋಟು ಬಿಡುತ್ತಾರೋ ಇಲ್ಲವೋ ಎಂಬುದನ್ನು ಎರಡು ದಿನ ಮೊದಲೇ ಖಾತ್ರಿ ಮಾಡಿಕೊಳ್ಳಿ. ಲೈಫ್ ಜಾಕೆಟ್ ಕೊಡದ ಬೋಟು ಹತ್ತಬೇಡಿ. ಕುಡಿಯುವ ನೀರು, ಟೊಪ್ಪಿ, ನೆನೆದರೂ ಪರವಾಗಿಲ್ಲದ ಚಪ್ಪಲಿ ಸಾಕು. ಕೇಕು ಒಯ್ಯುವುದಾದರೆ ಕೆನೆಯದ್ದು ಬೇಡ, ಕರಗುತ್ತದೆ.

26ಕ್ಕೆ ಅಂಕೋಲಾ

ಹೆದ್ದಾರಿ 66ರಲ್ಲಿ ದಕ್ಷಿಣಕ್ಕೆ 35 ಕಿ.ಮೀ. ಅಷ್ಟೆ. ಬೇಲೆಕೇರಿ ಬಂದರು, ಹೊನ್ನೆಬೈಲ್, ನದಿಬಾಗ: ಮೂರನ್ನೂ ನೋಡುವ ಹಟ ಬೇಡ, ಒಂದು ಕಡೆ ಕುಳಿತು ಊಟ ಮಾಡಿ. ಹುಬ್ಬಳ್ಳಿ ಕಡೆಯವರು ಅಲ್ಲಿಂದಲೇ ಅರಬೈಲ್ ಘಟ್ಟ ಹತ್ತುವ ಬಸ್ಸು ಹಿಡಿಯಬಹುದು. ಮತ್ತೆ ಕಾರವಾರಕ್ಕೆ ಬರಬೇಕಿಲ್ಲ. ನಡುವೆ ಗೋವಾಕ್ಕೆ ಹೋಗಿಬಂದಿದ್ದರೆ ಚೀಲದಲ್ಲಿ ಅಲ್ಲಿನ ಮದ್ಯದ ಬಾಟಲಿ ಇರದಿರಲಿ, ಗಡಿಯ ಮಾಜಾಳಿ ಚೆಕ್‌ಪೋಸ್ಟಿನಲ್ಲಿ ಚೀಲ ಬಿಚ್ಚಿಸುತ್ತಾರೆ.