ಚಿಕ್ಕ ಮಕ್ಕಳಿಗೆ ಸೂಕ್ಷ್ಮಜೀವಿಗಳ ಪಾಠ

ಶಿಲೀಂಧ್ರವೆಂದರೇನೆಂದು ಮಕ್ಕಳಿಗೆ ತೋರಿಸಲು ರೊಟ್ಟಿಯ ತುಣುಕಿಗೆ ನೀರು ಚಿಮುಕಿಸಿ ಡಬ್ಬಿಯಲ್ಲಿ ಮುಚ್ಚಿಡುವ ಪ್ರಯೋಗವುಂಟು. ಕೆಲವೇ ದಿನಗಳಲ್ಲಿ ಅದರ ಮೇಲೆ ಹತ್ತಿಯಂತಹ ಬೂಷ್ಟು ಏಳುತ್ತದೆ; ನೋಡಿಯಾದ ಮೇಲೆ ಅದನ್ನು ಎಸೆಯುತ್ತಾರೆ. ಜೀವವನ್ನು ಬೇಕೆಂದೇ ಹುಟ್ಟಿಸಿ ನಾಶಪಡಿಸುವ ಈ ಕಾರ್ಯವನ್ನು ಶ್ರಾವಕರ ಮನೆಯ ಮಗು ಮಾಡಬೇಕೆ? ಹಾಗೆ ಮಾಡದೆಯೂ ಪಾಠವನ್ನು ಪೂರ್ಣವಾಗಿ ಕಲಿಸಬಹುದು.

ಬಳ್ಳಾರಿಯ ಬಳಿಯ ಸಂಗನಕಲ್ಲಿನ ಮಗುವಿಗೆ ಜೋಳದ ರೊಟ್ಟಿ ಪರಿಚಿತ. ಒಣಗಿಸಿದ ಖಡಕ್ ರೊಟ್ಟಿಗೆ ಬಹುದಿನ ಬೂಷ್ಟು ಹಿಡಿಯದು. ಮೆದು ರೊಟ್ಟಿಗೆ ಬೇಗನೆ ಹಿಡಿಯುವುದು. (ಉಣ್ಣುವ ಮರ್ಯಾದೆಯ ಮಾತು ಬೇರೆ.) ಕಾರಣವೇನು? ಬೂಷ್ಟಿನ ಬೀಜಕಗಳು ಕಣ್ಣಿಗೆ ಕಾಣದಂತೆ ಗಾಳಿಯಲ್ಲಿ ತೇಲುತ್ತಿದ್ದು, ತೇವವಿದ್ದಲ್ಲಿ ಮೊಳೆಯುತ್ತವೆ. ಹಿಟ್ಟಿಗೆ ಮಳೆಗಾಲದಲ್ಲಿ 3, ಬೇಸಗೆಯಲ್ಲಿ 5, ಚಳಿಗಾಲದಲ್ಲಿ 7 ದಿನಗಳ ಮರ್ಯಾದೆಯನ್ನು ಹಿರಿಯರು ಇಟ್ಟುದನ್ನು ಇಲ್ಲಿಯೇ ಹೇಳಿಕೊಡಬೇಕು. ಅಡುಗೆಮನೆಯೇ ಪಾಠಶಾಲೆಯಾಗುವುದು.

ವಟ್ಟಕೇರಾಚಾರ್ಯರ ಮೂಲಾಚಾರವು ಕವಕ, ಕುಹಣ ಮೊದಲಾದವುಗಳನ್ನು ವನಸ್ಪತಿಕಾಯದಲ್ಲಿ ಎಣಿಸಿದೆ. ಇಂದಿನ ವಿಜ್ಞಾನವು ಶಿಲೀಂಧ್ರಗಳನ್ನು ಸಸ್ಯಗಳಿಂದ ಬೇರ್ಪಡಿಸಿದೆ. ಇವೆರಡನ್ನೂ ಬಲವಂತವಾಗಿ ಒಂದುಗೂಡಿಸುವುದು ಬೇಡ. ಅವು ಜೀವವುಳ್ಳವು ಎಂಬುದರಲ್ಲಿ ಭೇದವಿಲ್ಲ. ಮಗುವಿಗೆ ಅಷ್ಟು ಸಾಕು.

ಬ್ಯಾಕ್ಟೀರಿಯಗಳು ಇನ್ನೂ ಸೂಕ್ಷ್ಮ. ಅವುಗಳನ್ನು ಮೊದಲು ಕಂಡವನು ಹಾಲೆಂಡಿನ ಲೇವನ್‌ಹುಕ್. 1676ರಲ್ಲಿ, ತಾನೇ ಮಾಡಿದ ಮಸೂರದಿಂದ. ಎಲ್ಲ ಬ್ಯಾಕ್ಟೀರಿಯಗಳೂ ರೋಗಕಾರಕವಲ್ಲ. ಸುಗ್ಗಿಯಲ್ಲಿ ಕಿತ್ತ ಶೇಂಗಾ ಗಿಡದ ಬೇರನ್ನು ತೋರಿಸಿದರೆ ಸಣ್ಣ ಗಂಟುಗಳು ಕಾಣುತ್ತವೆ. ಅವುಗಳೊಳಗೆ ವಾಸಿಸುವ ಬ್ಯಾಕ್ಟೀರಿಯಗಳು ಗಾಳಿಯ ಸಾರಜನಕವನ್ನು ಗಿಡಕ್ಕೆ ಒದಗಿಸುತ್ತವೆ. ಹಾಲು ಮೊಸರಾಗುವುದೂ ಬ್ಯಾಕ್ಟೀರಿಯಗಳಿಂದಲೇ.

ಆಗ ಮಗು ಕೇಳಬಹುದು: “ಅಜ್ಜಾ, ಸಾಬೂನಿನಿಂದ ಕೈ ತೊಳೆದರೆ ಅವು ಸಾಯುವುದಿಲ್ಲವೇ? ಅದು ಪಾಪವಲ್ಲವೇ?” ಈ ಪ್ರಶ್ನೆಯನ್ನು ಗದರಿಸಿ ಅಡಗಿಸಬಾರದು. ಸಾಯುವುದುಂಟು ಎಂದೇ ಹೇಳಬೇಕು. ಕೊಲ್ಲಬೇಕೆಂಬ ಸಂಕಲ್ಪದಿಂದ ಮಾಡುವ ಹಿಂಸೆ ಬೇರೆ, ಗೃಹಸ್ಥನ ಅನಿವಾರ್ಯ ಕಾರ್ಯಗಳಲ್ಲಿ ನಡೆಯುವ ಆರಂಭೀ ಹಿಂಸೆ ಬೇರೆ. ಕೈ ತೊಳೆಯದೆ ಉಂಡು ರೋಗ ತರಿಸಿಕೊಳ್ಳುವುದು ಅಹಿಂಸೆಯಲ್ಲ. ನೀರನ್ನು ಎರಡು ಪದರದ ಬಟ್ಟೆಯಲ್ಲಿ ಸೋಸಿದರೆ ಸಣ್ಣ ಜಂತುಗಳು ಉಳಿದುಕೊಳ್ಳುತ್ತವೆ, ಆದರೆ ಬ್ಯಾಕ್ಟೀರಿಯಗಳು ದಾಟಿಬಿಡುತ್ತವೆ. ಆದುದರಿಂದ ಸೋಸಿದ ನೀರನ್ನು ಕುದಿಸಿಯೇ ಮಕ್ಕಳಿಗೆ ಕೊಡಬೇಕು.

ಪುಟ್ಟ ಮಕ್ಕಳಿಗೆ ಉಪವಾಸದ ಭಾರ ಹೊರಿಸಬೇಕಾಗಿಲ್ಲ. ಚಾತುರ್ಮಾಸದಲ್ಲಿ ಒಂದು ಸಣ್ಣ ನಿಯಮ ಸಾಕು: ಬೇಕಾದಷ್ಟೇ ಬಡಿಸಿಕೊಳ್ಳುವುದು, ತಟ್ಟೆಯಲ್ಲಿ ಅನ್ನ ಬಿಡದಿರುವುದು. ಅನ್ನ ಉಳಿಯದಿದ್ದರೆ ಹಳಸುವುದಿಲ್ಲ. ಹಳಸದಿದ್ದರೆ ಅದರಲ್ಲಿ ಜೀವಗಳು ಹುಟ್ಟಿ ಸಾಯುವ ಪ್ರಸಂಗವೂ ಇಲ್ಲ. ಈ ನಿಯಮವನ್ನು ಮನೆಯ ಹಿರಿಯರು ಮೊದಲು ಪಾಲಿಸಿ ತೋರಿಸತಕ್ಕದ್ದು.